ಹಣ ಬಂದಿದೆ, ಕೈಗೆ ಸಿಕ್ಕಿಲ್ಲ

ಹಣ ಕಳಿಸುವುದು ಈಗ ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ. ಕರೆಂಟು ಬಿಲ್ಲು, ನೀರಿನ ಬಿಲ್ಲು, ಮಕ್ಕಳ ಫೀಸು, ಊರಲ್ಲಿರುವ ತಾಯಿಗೆ ತಿಂಗಳ ಖರ್ಚು, ಎಲ್ಲವೂ ಅಂಗೈಯ ಫೋನಿನಲ್ಲೇ ನಡೆದುಹೋಗುತ್ತದೆ. 2016ರ ಏಪ್ರಿಲ್‌ನಲ್ಲಿ ಶುರುವಾದ ಯುಪಿಐ ಮೂಲಕ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ವ್ಯವಹಾರಗಳು ನಡೆದವು. ಇಷ್ಟು ದೊಡ್ಡ ಬದಲಾವಣೆಯ ಬಗ್ಗೆ ನಮ್ಮಲ್ಲಿ ಬರುತ್ತಿರುವ ಬರಹಗಳನ್ನು ಗಮನಿಸಿದರೆ ಅವು ಹೆಚ್ಚಾಗಿ ಎರಡು ಬಗೆಯವು. ಒಂದು, ವೇಗದ ಗುಣಗಾನ. ಇನ್ನೊಂದು, ಮೋಸ ಹೋಗಬೇಡಿ ಎಂಬ ಎಚ್ಚರಿಕೆ. ಎರಡನ್ನೂ ಬರೆಯುವವರು ಓದು ಬಲ್ಲವರು, ಬರೆಯುವುದೂ ಓದು ಬಲ್ಲವರಿಗಾಗಿ. ಓದಲು ಬಾರದವರ ಕಡೆ ನಿಂತು ನೋಡಿದರೆ ಈ ವ್ಯವಸ್ಥೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ.

ಆ ಪ್ರಶ್ನೆಯನ್ನು ಮೊಬೈಲು ಹುಟ್ಟುವ ಮೊದಲೇ, ಬೇರೊಂದು ಖಂಡದಲ್ಲಿ ಕೂತು ಕೇಳಿದ ಕಲಾವಿದನೊಬ್ಬನಿದ್ದಾನೆ. ಸೆನೆಗಲ್ ದೇಶದ ಕಾದಂಬರಿಕಾರ, ಚಿತ್ರ ನಿರ್ದೇಶಕ ಉಸ್ಮಾನ್ ಸೆಂಬೆನ್. ಆತನ 1968ರ ಚಿತ್ರ ‘ಮಂದಾಬಿ’. ಫ್ರೆಂಚಿನ ‘ಮಾಂದಾ’ ಎಂಬ ಪದಕ್ಕೆ ವೊಲೊಫ್ ಭಾಷೆಯ ಪ್ರತ್ಯಯ ಸೇರಿ ಆದ ಈ ಹೆಸರಿಗೆ ‘ಆ ಮನಿಯಾರ್ಡರು’ ಎಂದರ್ಥ. ಯುಪಿಐ ಕಾಲದಲ್ಲಿ ನಿಂತು ಈ ಚಿತ್ರವನ್ನು ಮತ್ತೆ ನೋಡಿದರೆ ಅದು ಹಳೆಯದಾಗಿಲ್ಲ ಎನ್ನುವುದು ಮಾತ್ರವಲ್ಲ, ನಮ್ಮ ಬೀದಿಯಲ್ಲೇ ಚಿತ್ರೀಕರಣವಾಗಿದೆಯೇನೋ ಅನಿಸುತ್ತದೆ.

ಸೆಂಬೆನ್ ಹುಟ್ಟಿದ್ದು 1923ರಲ್ಲಿ, ತೀರಿಕೊಂಡದ್ದು 2007ರಲ್ಲಿ. ಫ್ರಾನ್ಸಿನ ಮಾರ್ಸೇಲ್ಸ್ ಬಂದರಿನಲ್ಲಿ ಹಮಾಲಿಯಾಗಿ ದುಡಿದು, ತಾನೇ ಓದಿಕೊಂಡು ಕಾದಂಬರಿಕಾರನಾದ ಮನುಷ್ಯ. ತನ್ನ ಜನ ತನ್ನ ಫ್ರೆಂಚ್ ಕಾದಂಬರಿಗಳನ್ನು ಓದಲಾರರು ಎಂಬುದು ಅರಿವಾದ ಮೇಲೆ ಸಿನಿಮಾದ ಕಡೆ ಹೊರಳಿದ. ಅವರಿಗೆ ಕೇಳಿಸುವ ಭಾಷೆಯಲ್ಲಿ, ವೊಲೊಫ್‌ನಲ್ಲಿ ‘ಮಂದಾಬಿ’ ಮಾಡಿದ. ಆಫ್ರಿಕದ ಭಾಷೆಯೊಂದರಲ್ಲಿ ತಯಾರಾದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರಗಳಲ್ಲಿ ಇದು ಮುಖ್ಯವಾದದ್ದು. ಅದೇ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಪ್ರಶಸ್ತಿಯನ್ನೂ ಪಡೆಯಿತು.

ಕಥೆ ಬಹಳ ಸರಳ. ಡಕಾರ್ ನಗರದ ಬಡ ಮೊಹಲ್ಲಾದಲ್ಲಿ ಇಬ್ರಾಹೀಮ ದಿಯೆಂಗ್ ಎಂಬ ನಡುವಯಸ್ಸು ದಾಟಿದ ಮುಸ್ಲಿಮನಿದ್ದಾನೆ. ಇಬ್ಬರು ಹೆಂಡಿರು, ಮನೆ ತುಂಬ ಮಕ್ಕಳು. ಕೆಲಸವಿಲ್ಲದೆ ವರ್ಷಗಳಾಗಿವೆ. ನಮಾಝಿಗೆ ತಪ್ಪದವನು, ಅಗಲವಾದ ನಿಲುವಂಗಿ ತೊಟ್ಟು ಬೀದಿಯಲ್ಲಿ ಘನತೆಯಿಂದ ನಡೆಯುವವನು. ಒಂದು ದಿನ ಪ್ಯಾರಿಸಿನಿಂದ ಅವನಿಗೆ 25,000 ಫ್ರಾಂಕುಗಳ ಮನಿಯಾರ್ಡರು ಬರುತ್ತದೆ. ಕಳಿಸಿದವನು ಅಲ್ಲಿ ಬೀದಿ ಗುಡಿಸುವ ಸೋದರಳಿಯ ಅಬ್ದು. ಅದರಲ್ಲಿ 2,000 ದಿಯೆಂಗನಿಗೆ, 3,000 ಅಬ್ದುವಿನ ತಾಯಿಗೆ, ಉಳಿದ 20,000 ಅಬ್ದು ಮರಳಿ ಬರುವ ತನಕ ಜೋಪಾನವಾಗಿಡಬೇಕಾದ ಅಮಾನತ್ತು. ಪೋಸ್ಟ್‌ಮನ್ ಚೀಟಿ ಕೊಟ್ಟು ಹೋದ ಕೂಡಲೇ ಹೆಂಡಿರು ಅದರ ಬಲದ ಮೇಲೆ ಅಂಗಡಿಯಿಂದ ಉದ್ರಿ ಅಕ್ಕಿ ತರುತ್ತಾರೆ. ಸುದ್ದಿ ಮೊಹಲ್ಲಾ ತುಂಬ ಹರಡಿ ಸಾಲ ಕೇಳುವವರು ಬಾಗಿಲಿಗೆ ಬರುತ್ತಾರೆ. ಹಣ ಮಾತ್ರ ಕೈಗೆ ಸಿಗುವುದಿಲ್ಲ.

ಪೋಸ್ಟಾಫೀಸಿನಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಗುರುತಿನ ಚೀಟಿಗೆ ಜನನ ಪ್ರಮಾಣಪತ್ರ ಬೇಕು. ಜನನ ಪ್ರಮಾಣಪತ್ರಕ್ಕೆ ಹುಟ್ಟಿದ ತಾರೀಕು ಬೇಕು. ಅವನಿಗೆ ಗೊತ್ತಿರುವುದು ಅಂದಾಜು ವರ್ಷ ಮಾತ್ರ. ಫೋಟೋ ತೆಗೆಯುವವನು ದುಡ್ಡು ನುಂಗಿ ಫೋಟೋ ಕೊಡುವುದಿಲ್ಲ, ಕೇಳಲು ಹೋದರೆ ಮೂಗಿನಿಂದ ರಕ್ತ ಬರುವಂತೆ ಏಟು ಬೀಳುತ್ತದೆ. ಕೊನೆಗೆ ಫ್ರೆಂಚ್ ಬಲ್ಲ, ಸೂಟು ತೊಟ್ಟ ಬಂಧು ಎಂಬಾಯೆ ನೆರವಿಗೆ ಬರುತ್ತಾನೆ. ಅವನ ಹೆಸರಿಗೆ ದಿಯೆಂಗ್ ಮುಖ್ತ್ಯಾರ ಪತ್ರ ಬರೆದುಕೊಡುತ್ತಾನೆ. ಎಂಬಾಯೆ ಹಣ ಬಿಡಿಸಿಕೊಂಡು, ಜೇಬುಗಳ್ಳರು ಕದ್ದರೆಂದು ಹೇಳಿ, ಒಂದು ಮೂಟೆ ಅಕ್ಕಿ ಹೊರಿಸಿ ಕಳಿಸುತ್ತಾನೆ.

ಚಿತ್ರದ ಹೆಚ್ಚುಗಾರಿಕೆ ಇರುವುದು ಸೆಂಬೆನ್ ಯಾರನ್ನೂ ಸಂತನನ್ನಾಗಿ ಮಾಡದೆ ಇರುವುದರಲ್ಲಿ. ದಿಯೆಂಗ್ ಒಣ ಜಂಭದವನು, ಹೆಂಡಿರ ಮೇಲೆ ರೇಗುವವನು, ತಿನ್ನುವುದರಲ್ಲಿ ಮಿತಿಯಿಲ್ಲದವನು. ಅವನಿಗಿಂತ ಅವನ ಹೆಂಡಿರು ಲೋಕ ಬಲ್ಲವರು. ಆದರೂ ಕೌಂಟರಿನ ಮುಂದೆ ಅವನು ಕೈಕಟ್ಟಿ ನಿಂತಾಗ ನಗುತ್ತಿದ್ದ ನಮ್ಮ ಗಂಟಲು ಕಟ್ಟುತ್ತದೆ. ಮನೆಯಲ್ಲಿ ಯಜಮಾನನಾದವನು ಕಚೇರಿಯಲ್ಲಿ ಮಗುವಾಗುತ್ತಾನೆ. ಕಾರಣ ಒಂದೇ, ಅಲ್ಲಿಯ ಭಾಷೆ ಅವನದಲ್ಲ. ಸೆನೆಗಲ್ ಸ್ವತಂತ್ರವಾದದ್ದು 1960ರಲ್ಲಿ. ಎಂಟು ವರ್ಷಗಳ ನಂತರವೂ ಕಚೇರಿ ಮಾತನಾಡುವುದು ಫ್ರೆಂಚನ್ನೇ. ಅಬ್ದುವಿನ ಕಾಗದವನ್ನು ಕೂಡ ದಿಯೆಂಗ್ ಪೋಸ್ಟಾಫೀಸಿನಲ್ಲಿ ಕೂತ ಬರಹಗಾರನಿಗೆ ಕಾಸು ಕೊಟ್ಟು ಓದಿಸಿಕೊಳ್ಳಬೇಕು. ಚಿತ್ರದ ಕೊನೆಯಲ್ಲಿ ಪೋಸ್ಟ್‌ಮನ್ ಆಡುವ ಆಶಾವಾದದ ಮಾತುಗಳು ಸ್ವಲ್ಪ ಭಾಷಣದಂತೆ ಕೇಳುತ್ತವೆ ಎಂಬುದು ನಿಜ. ಅಲ್ಲಿಯವರೆಗೆ ಪಾತ್ರಗಳಿಗೆ ತಾವಾಗಿ ನಡೆಯಲು ಬಿಟ್ಟ ನಿರ್ದೇಶಕ ಆ ಗಳಿಗೆಯಲ್ಲಿ ತಾನೇ ಮುಂದೆ ಬಂದು ನಿಲ್ಲುತ್ತಾನೆ. ಆದರೆ ಅಷ್ಟು ಹೊತ್ತಿಗೆ ಚಿತ್ರ ತನ್ನ ಮಾತನ್ನು ಹೇಳಿ ಮುಗಿಸಿರುತ್ತದೆ. ಹಣ ಬರುವುದು ಬೇರೆ, ಹಣ ಕೈಗೆ ಸಿಗುವುದು ಬೇರೆ. ಇವೆರಡರ ನಡುವೆ ಓದು ಬಲ್ಲವನೊಬ್ಬ ನಿಂತಿರುತ್ತಾನೆ. ಅವನು ಎಂಥವನು ಎಂಬುದರ ಮೇಲೆ ಬಡವನ ಗತಿ ನಿಂತಿದೆ.

ಈಗ ಮೊಬೈಲು ಆ ಮಧ್ಯದವನನ್ನು ತೆಗೆದುಹಾಕಿದೆ ಎನ್ನುತ್ತಾರೆ. ಹೌದೇ?

ನ್ಯಾಯವಾಗಿ ನೋಡಿದರೆ ಮೊಬೈಲು ಮಾಡಿರುವ ಉಪಕಾರ ಸಣ್ಣದಲ್ಲ. ನಮ್ಮ ದೇಶದಲ್ಲಿ ಮನಿಯಾರ್ಡರು ಶುರುವಾದದ್ದು 1880ರಲ್ಲಿ. ಹಳೆಯ ಕಾಗದದ ಮನಿಯಾರ್ಡರನ್ನು ಅಂಚೆ ಇಲಾಖೆ 2015ರಲ್ಲಿ ನಿಲ್ಲಿಸಿತು. ಅದರ ಬಗ್ಗೆ ಕಣ್ಣೀರು ಹಾಕುವವರು ಒಂದೆರಡು ವಿಷಯ ಮರೆಯುತ್ತಾರೆ. 20 ರೂಪಾಯಿಗೆ 1 ರೂಪಾಯಿ ಕಮಿಷನ್ನು, ಅಂದರೆ ನೂರಕ್ಕೆ ಐದು. ಹಣ ತಲುಪಲು ವಾರವೂ ಆಗಬಹುದಿತ್ತು. ಪೋಸ್ಟ್‌ಮನ್ನನ ಕೈ ಬೆಚ್ಚಗೆ ಮಾಡುವುದು ಅನೇಕ ಊರುಗಳಲ್ಲಿ ರೂಢಿಯೇ ಆಗಿತ್ತು. ಯಾರ ಮನೆಗೆ ಎಷ್ಟು ಬಂತು ಎಂಬುದು ಓಣಿಗೆಲ್ಲ ಗೊತ್ತಾಗುತ್ತಿತ್ತು. ಇವತ್ತು ಯಾದಗಿರಿಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವನು ಶನಿವಾರದ ಬಟವಾಡೆಯನ್ನು ಅದೇ ರಾತ್ರಿ ಕಮಿಷನ್ನಿಲ್ಲದೆ ಮನೆಗೆ ಕಳಿಸುತ್ತಾನೆ. ಬಿಲ್ಲು ಕಟ್ಟಲು ಅರ್ಧ ದಿನದ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲುವ ಕಷ್ಟ ತಪ್ಪಿದೆ. 2023ರ ಆಗಸ್ಟ್‌ನಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯನ್ನು ಮನೆಯೊಡತಿಯ ಹೆಸರಿನ ಖಾತೆಗೇ ಹಾಕುವ ವ್ಯವಸ್ಥೆಯಾಯಿತು. ಗಂಡನ ಕೈ ದಾಟದೆ ಹೆಂಗಸಿನ ಹೆಸರಿಗೆ ಹಣ ಬರುವುದು ನಮ್ಮ ಮನೆಗಳಲ್ಲಿ ಸಾಮಾನ್ಯ ಸಂಗತಿಯಲ್ಲ.

ಆದರೆ ಖಾತೆಗೆ ಬಂದದ್ದು ಕೈಗೆ ಬರುವ ದಾರಿಯನ್ನೂ ನೋಡಬೇಕು. ಇದಕ್ಕೆ ದೂರ ಹೋಗಬೇಕಿಲ್ಲ, ಬೀಡಿ ಕಟ್ಟುವ ಹೆಂಗಸರಿರುವ ಯಾವ ಓಣಿಯಲ್ಲಾದರೂ ನಿಂತು ನೋಡಬಹುದು. ಖಾಲಾ ಎಂದು ಎಲ್ಲರೂ ಕರೆಯುವ ವಯಸ್ಸಾದ ಹೆಂಗಸು ಫೋನು ಹಿಡಿದು ಪಕ್ಕದ ಮನೆಯ ಹುಡುಗನ ಹತ್ತಿರ ಬರುತ್ತಾಳೆ. ‘ಏನೋ ಮೆಸೇಜು ಬಂದಿದೆ, ನೋಡು ಬೇಟಾ.’ ಮೆಸೇಜು ಇಂಗ್ಲಿಷಿನಲ್ಲಿದೆ. ಅದರಲ್ಲಿರುವ ‘ಸಿಆರ್’ ಎಂದರೆ ಬಂತು, ‘ಡಿಆರ್’ ಎಂದರೆ ಹೋಯಿತು. ಎರಡಕ್ಷರದ ವ್ಯತ್ಯಾಸದಲ್ಲಿ ಅವಳ ತಿಂಗಳ ಅಕ್ಕಿ ಅಡಗಿದೆ. ಖಾತೆ ಅವಳದು, ಖಾತೆಗೆ ಜೋಡಿಸಿದ ಫೋನ್ ನಂಬರು ಮಗನದು. ಒಟಿಪಿ ಬರುವುದು ಮಗನಿಗೆ. ಪಿನ್ನು ಇಟ್ಟುಕೊಟ್ಟವನು ಮೊಮ್ಮಗ. ಹೆಬ್ಬೆಟ್ಟು ಒತ್ತಿ ಹಣ ತೆಗೆಯೋಣವೆಂದರೆ ವರ್ಷಗಟ್ಟಲೆ ಎಲೆ ಸುತ್ತಿ ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪುವುದಿಲ್ಲ.

ಮಗ ಒಳ್ಳೆಯವನಾಗಿದ್ದರೆ ಎಲ್ಲವೂ ಸರಿ. ಬಹಳಷ್ಟು ಮಕ್ಕಳು ಒಳ್ಳೆಯವರೇ ಇದ್ದಾರೆ. ಆದರೆ ಒಂದು ವ್ಯವಸ್ಥೆಯನ್ನು ಅಳೆಯುವಾಗ ಮಗ ಒಳ್ಳೆಯವನಾಗಿರುತ್ತಾನೆ ಎಂದು ಮೊದಲೇ ನಂಬಿ ಅಳೆಯಲಾಗದು. ದಿಯೆಂಗನೂ ಎಂಬಾಯೆಯನ್ನು ನಂಬಿದ್ದ. ಅಂದಿನ ಮುಖ್ತ್ಯಾರ ಪತ್ರವೇ ಇಂದಿನ ನಾಲ್ಕು ಅಥವಾ ಆರು ಅಂಕೆಯ ಪಿನ್ನು. ಮುಖ್ತ್ಯಾರ ಪತ್ರಕ್ಕೆ ಕಾಗದವಾದರೂ ಇತ್ತು, ಯಾರಿಗೆ ಯಾವ ಅಧಿಕಾರ ಕೊಟ್ಟೆ ಎಂದು ತೋರಿಸಬಹುದಿತ್ತು. ಪಿನ್ನು ಕಿವಿಯಲ್ಲಿ ಹೇಳುವ ಮಾತು. ಅದನ್ನು ಹೇಳಿದ ಮೇಲೆ ಹೇಳಿದವಳ ಮಾತಿಗೆ ಸಾಕ್ಷಿಯಿಲ್ಲ.

ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನೂ ಗಮನಿಸಬೇಕು. ಗ್ರಾಹಕನಿಗೆ ತಿಳಿಯದೆ ನಡೆದ ವ್ಯವಹಾರಗಳ ಬಗ್ಗೆ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆ ಗ್ರಾಹಕರಿಗೆ ಒಳ್ಳೆಯ ರಕ್ಷಣೆಯನ್ನೇ ಕೊಟ್ಟಿತು. ಹೊರಗಿನವರು ಕನ್ನ ಹಾಕಿದ್ದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟವಿಲ್ಲ ಎಂದಿತು. ಆದರೆ ಪಿನ್ನಿನಂಥ ಗುಟ್ಟನ್ನು ಬೇರೆಯವರಿಗೆ ಹೇಳಿದ್ದರೆ ಅದು ಗ್ರಾಹಕನದೇ ನಿರ್ಲಕ್ಷ್ಯ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದೇ ಎಂದೂ ಹೇಳಿತು. ಓದು ಬಲ್ಲವನ ಮಟ್ಟಿಗೆ ಇದು ಸರಿಯಾದ ನಿಯಮ. ಓದಲು ಬಾರದ ಖಾಲಾಳಿಗೆ ಪಿನ್ನು ಹೇಳದೆ ಬೇರೆ ದಾರಿಯೇ ಇಲ್ಲ. ಅವಳ ಅಸಹಾಯಕತೆಗೆ ಕಾನೂನಿನ ಭಾಷೆಯಲ್ಲಿರುವ ಹೆಸರು ನಿರ್ಲಕ್ಷ್ಯ. ಪ್ರತಿಯೊಬ್ಬರೂ ಓದು ಬಲ್ಲವರು, ಒಬ್ಬೊಬ್ಬರೇ ಕೂತು ತಮ್ಮ ವ್ಯವಹಾರ ನಡೆಸಿಕೊಳ್ಳುವವರು ಎಂದು ಈ ವ್ಯವಸ್ಥೆ ಊಹಿಸಿಕೊಂಡಿದೆ. ನಮ್ಮ ಸಮಾಜ ಹಾಗಿಲ್ಲ.

ಇದಕ್ಕೆ ಭಿನ್ನವಾದ ಊಹೆಯೊಂದು ಹದಿನಾಲ್ಕು ಶತಮಾನಗಳ ಹಿಂದೆಯೇ ದಾಖಲಾಗಿದೆ. ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಆಯತ್ ಯಾವುದು ಎಂದರೆ ಸೂರಃ ಅಲ್ ಬಕರದ 282ನೆಯದು. ಅದು ನಮಾಝಿನ ಬಗ್ಗೆ ಇಲ್ಲ, ಉಪವಾಸದ ಬಗ್ಗೆ ಇಲ್ಲ, ಹಣದ ಲೆಕ್ಕ ಬರೆಯುವುದರ ಬಗ್ಗೆ ಇದೆ. ಅವಧಿ ಗೊತ್ತುಮಾಡಿದ ಸಾಲವನ್ನು ಬರೆದಿಡಬೇಕು. ಬರೆಯುವ ಕಾತಿಬ್ ಇಬ್ಬರ ನಡುವೆ ನ್ಯಾಯದಿಂದ ಬರೆಯಬೇಕು. ಏನು ಬರೆಯಬೇಕೆಂದು ಹೇಳುವವನು ಋಣ ಹೊತ್ತವನು. ಅವನು ದುರ್ಬಲನಾಗಿದ್ದರೆ, ಹೇಳಿ ಬರೆಸಲು ಆಗದವನಾಗಿದ್ದರೆ ಅವನ ಪರವಾಗಿ ಪೋಷಕನು ನ್ಯಾಯದಿಂದ ಹೇಳಿ ಬರೆಸಬೇಕು. ಸಾಕ್ಷಿಗಳಿರಬೇಕು. ಕೈಯಿಂದ ಕೈಗೆ ಅಲ್ಲೇ ಮುಗಿಯುವ ವ್ಯಾಪಾರವನ್ನು ಬರೆಯದಿದ್ದರೂ ತಪ್ಪಿಲ್ಲ. ಬರೆದವನಿಗಾಗಲಿ ಸಾಕ್ಷಿಗಾಗಲಿ ಹಾನಿಯಾಗಬಾರದು. ಇದರ ಸಾರಾಂಶ ಇಷ್ಟು.

ಧಾರ್ಮಿಕ ಉಪದೇಶಕ್ಕಾಗಿ ಇದನ್ನು ಇಲ್ಲಿ ತರುತ್ತಿಲ್ಲ. ಯಾವ ಮತದವರೂ ಒಪ್ಪಬಹುದಾದ ಅಳತೆಗೋಲೊಂದು ಇದರಲ್ಲಿದೆ. ಬರೆಯಲು ಬಾರದವನೂ ವ್ಯವಹಾರದ ಪೂರ್ಣ ಪಾಲುದಾರ ಎಂದು ಈ ಆಯತ್ ಒಪ್ಪಿಕೊಂಡಿದೆ. ಅವನಿಗೆ ಬರೆಯಲು ಬಾರದಿರುವುದನ್ನು ಅವನ ತಪ್ಪೆಂದು ಎಣಿಸದೆ, ಬರೆಯಬಲ್ಲವನ ಮೇಲೆ ಹೊಣೆ ಹೊರಿಸಿದೆ. ಉರ್ದು ಓದಿದವರಿಗೆ ಕಾತಿಬ್ ಎಂದರೆ ಪತ್ರಿಕೆಯ ಪುಟಗಳನ್ನು ಕೈಯಲ್ಲಿ ಬರೆಯುತ್ತಿದ್ದವನ ನೆನಪಾಗುತ್ತದೆ. ಇಂದು ನಮ್ಮೆಲ್ಲರ ಹಣದ ಕಾತಿಬ್ ಒಂದು ಆ್ಯಪು. ಅದು ತಪ್ಪಿಲ್ಲದೆ ಬರೆಯುತ್ತದೆ, ದಣಿಯುವುದಿಲ್ಲ, ಲಂಚ ಕೇಳುವುದಿಲ್ಲ. ಆದರೆ ಬರೆದದ್ದನ್ನು ಯಾರಿಗೆ ಓದಿ ಹೇಳುತ್ತದೆ?

ಅಂಗಡಿಗಳಲ್ಲಿ ಹಣ ಬಂದ ಕೂಡಲೇ ಇಷ್ಟು ರೂಪಾಯಿ ಬಂತೆಂದು ಕನ್ನಡದಲ್ಲಿ ಕೂಗಿ ಹೇಳುವ ಪುಟ್ಟ ಪೆಟ್ಟಿಗೆಯನ್ನು ನೆನೆಯಿರಿ. ಈ ಇಡೀ ವ್ಯವಸ್ಥೆಯಲ್ಲಿ ಓದು ಬಾರದವರಿಗೆ ಒದಗಿದ ಅತ್ಯಂತ ಮಾನವೀಯ ವಸ್ತು ಅದೇ. ತರಕಾರಿ ಮಾರುವ ಹೆಂಗಸು ಗಿರಾಕಿಯ ಫೋನಿನತ್ತ ಕತ್ತು ಚಾಚಬೇಕಿಲ್ಲ. ಪೆಟ್ಟಿಗೆಯೇ ಅವಳ ಕಾತಿಬ್, ಅದೇ ಸಾಕ್ಷಿ. ಸೆಂಬೆನ್ ತನ್ನ ಜನಕ್ಕೆ ಕೇಳಿಸುವ ಭಾಷೆಯನ್ನು ಹುಡುಕಿದ ಹಾಗೆ ಇಲ್ಲಿ ವ್ಯಾಪಾರ ತನ್ನ ಜನಕ್ಕೆ ಕೇಳಿಸುವ ಭಾಷೆಯನ್ನು ಹುಡುಕಿಕೊಂಡಿದೆ. ಆದರೆ ಆ ಪೆಟ್ಟಿಗೆಗೆ ಸಾಮಾನ್ಯವಾಗಿ ತಿಂಗಳ ಬಾಡಿಗೆ ಕಟ್ಟಬೇಕು, ಮತ್ತು ಅದು ಸಿಗುವುದು ಮಾರುವವರಿಗೆ. ಖಾಲಾಳ ಮನೆಯಲ್ಲಿ ಅಂಥ ದನಿಯಿಲ್ಲ. ಯಂತ್ರಕ್ಕೆ ಕನ್ನಡ ಬರುತ್ತದೆ ಎಂಬುದು ಸಾಬೀತಾದ ಮೇಲೂ ಅವಳ ಫೋನಿಗೆ ‘ಸಿಆರ್’, ‘ಡಿಆರ್’ ಬರುತ್ತಿದ್ದರೆ ಅದು ತಂತ್ರಜ್ಞಾನದ ಮಿತಿಯಾಗಿ ಉಳಿದಿಲ್ಲ, ಆಯ್ಕೆಯ ಪ್ರಶ್ನೆಯಾಗಿದೆ.

ಕಾತಿಬ್ ಬರೆಯುವ ಲೆಕ್ಕ ಯಾರ ಕಣ್ಣಿಗೆ ಬೀಳುತ್ತದೆ ಎಂಬುದು ಇನ್ನೊಂದು ಪ್ರಶ್ನೆ. ಕೈಯಿಂದ ಕೈಗೆ ಮುಗಿಯುವ ವ್ಯಾಪಾರಕ್ಕೆ ಬರಹ ಬೇಡವೆಂಬ ಸಡಿಲಿಕೆ ಆ ಆಯತ್‌ನಲ್ಲಿತ್ತು. ಇಂದು 10 ರೂಪಾಯಿಯ ಚಹಾ ಕೂಡ ಬರಹಕ್ಕೆ ಸೇರುತ್ತದೆ. 2025ರ ಜುಲೈನಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ, ಸೇವೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕೆಂಬುದು ನಿಯಮ. ಹಾಲು, ಹಣ್ಣು, ತರಕಾರಿಯಂಥ ತೆರಿಗೆಯಿಲ್ಲದ ಸರಕು ಮಾರುವವರಿಗೂ ನೋಟಿಸು ಬಂದವು. ಬೆಂಗಳೂರಿನ ಅನೇಕ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಕರೆ ಕೊಟ್ಟರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಭೆ ಕರೆದು ಮಾತನಾಡಿದ ಮೇಲೆ ಬಂದ್ ಕೈಬಿಟ್ಟರು.

ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಣ್ಣ ವ್ಯಾಪಾರಿಯ ಖಾತೆಯಲ್ಲಿ ವ್ಯಾಪಾರದ ಹಣ, ತಂಗಿಯ ಮದುವೆಗೆ ಪಡೆದ ಕೈಸಾಲ, ಗೆಳೆಯ ಮರಳಿಸಿದ ದುಡ್ಡು ಎಲ್ಲ ಒಟ್ಟಿಗೇ ಬೀಳುತ್ತವೆ. ಕಾತಿಬ್‌ಗೆ ಅಂಕಿ ಗೊತ್ತು, ಕಥೆ ಗೊತ್ತಿಲ್ಲ. ಮನಿಯಾರ್ಡರು ಫಾರಮ್ಮಿನ ತುದಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗವಿತ್ತು. ಅಮ್ಮನ ಔಷಧಿಗೆ, ತಮ್ಮನ ಪುಸ್ತಕಕ್ಕೆ ಎಂದು ಅಲ್ಲಿ ಬರೆಯುತ್ತಿದ್ದರು. ಎಲೆಕ್ಟ್ರಾನಿಕ್ ಮನಿಯಾರ್ಡರು ಬಂದಾಗ ಮೊದಲೇ ತಯಾರಾದ ಸಂದೇಶಗಳಲ್ಲಿ ಒಂದನ್ನು ಆರಿಸುವ ಪದ್ಧತಿಯಾಯಿತು. ಯುಪಿಐನಲ್ಲಿ ಟಿಪ್ಪಣಿಗೆ ಜಾಗವಿದ್ದರೂ ಖಾಲಿ ಬಿಡುವವರೇ ಹೆಚ್ಚು. ಹಣದ ಜೊತೆಯ ಮಾತು ಮಾಯವಾಗುವುದು ಬರಿಯ ಭಾವುಕರ ಅಳಲು ಎಂದುಕೊಂಡಿದ್ದೆವು. ನೋಟಿಸು ಬಂದ ದಿನ, ಯಾವ ಹಣ ಯಾವುದಕ್ಕೆ ಬಂತೆಂದು ಹೇಳಲು ವ್ಯಾಪಾರಿಯ ಬಳಿ ಇಲ್ಲದೆ ಹೋದದ್ದು ಅದೇ ಮಾತು.

ದಿಯೆಂಗನ ಊರು ಡಕಾರ್ ಕೂಡ ಇಂದು ಬದಲಾಗಿದೆ. ಅಲ್ಲಿ ಆರೆಂಜ್ ಮನಿ, ವೇವ್ ಮೊದಲಾದ ಮೊಬೈಲು ಹಣದ ಸೇವೆಗಳು ಮನೆಮಾತಾಗಿವೆ. ವೇವ್ ಬಂದಾಗ ಕಳಿಸುವ ಹಣಕ್ಕೆ ಶೇಕಡಾ 1ರಷ್ಟನ್ನು ಮಾತ್ರ ಪಡೆದು ಉಳಿದವರೂ ದರ ಇಳಿಸುವಂತೆ ಮಾಡಿತು. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಕ್ಯೂಆರ್ ಚಿಹ್ನೆಯಿರುವ ಕಾರ್ಡು ಕೊಟ್ಟಿತು. ಕಾರ್ಡು ಹಿಡಿದು ಏಜೆಂಟನ ಅಂಗಡಿಗೆ ಹೋದರೆ ಕೆಲಸವಾಗುತ್ತದೆ. ಓದು ಬಾರದವನು ಗಿರಾಕಿಯಾಗಿ ಬರುತ್ತಾನೆ ಎಂದು ಮೊದಲೇ ಯೋಚಿಸಿದವರು ಮಾಡುವ ಕೆಲಸ ಇದು. ನಮ್ಮಲ್ಲೂ ಇಂಥ ಪ್ರಯತ್ನಗಳಿಲ್ಲವೆಂದಲ್ಲ. 2018ರಲ್ಲಿ ಶುರುವಾದ ಅಂಚೆ ಪೇಮೆಂಟ್ಸ್ ಬ್ಯಾಂಕಿನಿಂದ ಪೋಸ್ಟ್‌ಮನ್ ಮತ್ತೆ ಮನೆ ಬಾಗಿಲಿಗೆ ಬಂದ, ಈ ಸಲ ಬೆರಳು ಒತ್ತುವ ಯಂತ್ರ ಹಿಡಿದು. 2022ರಲ್ಲಿ ಸಾದಾ ಫೋನಿಗೂ ಯುಪಿಐ ಬಂತು. 2024ರಲ್ಲಿ ಒಬ್ಬರ ಖಾತೆಯಿಂದ ಇನ್ನೊಬ್ಬರು ಮಿತಿಯೊಳಗೆ ಹಣ ಕಟ್ಟಬಹುದಾದ ‘ಯುಪಿಐ ಸರ್ಕಲ್’ ಬಂತು. ತಿಂಗಳಿಗೆ 15,000 ರೂಪಾಯಿಯ ಮಿತಿ ಹಾಕಿ ಅಧಿಕಾರ ಕೊಡಬಹುದು. ಪಿನ್ನು ಹೇಳದೆ ನಂಬಿಕೆ ಇಡುವ ದಾರಿ ಇದು, ಆಯತ್ ಹೇಳುವ ಪೋಷಕನಿಗೆ ಹತ್ತಿರದ ಕಲ್ಪನೆ. ಆದರೆ ಆ ಅಧಿಕಾರ ಕೊಡಬೇಕಾದವರು ಖಾತೆದಾರರು, ಅದೂ ಆ್ಯಪು ತೆರೆದು, ಅಲ್ಲಿರುವುದನ್ನು ಓದಿ. ಓದಲು ಬಾರದ ಖಾಲಾ ಅಲ್ಲಿಯೂ ಮೊದಲ ಹೆಜ್ಜೆಗೆ ಬೇರೊಬ್ಬರ ಕೈ ಹಿಡಿಯಬೇಕು. ಓದು ಬಲ್ಲವನು ತನ್ನವರಿಗೆ ನೆರವಾಗಲು ಈ ವ್ಯವಸ್ಥೆ ಚೆನ್ನಾಗಿದೆ. ಬಾರದವಳು ತಾನೇ ನಂಬಿದವರನ್ನು ಆರಿಸಿ, ಅವರಿಗೆ ಮಿತಿ ಹಾಕಿ, ಬೇಡವೆನಿಸಿದಾಗ ಬಾಯಿಮಾತಿನಲ್ಲೇ ಬಿಡಿಸುವ ದಾರಿ ಬೇಕಾಗಿದೆ.

ಬ್ಯಾಂಕು ಕಳಿಸುವ ಮೆಸೇಜು ಖಾತೆದಾರರ ಭಾಷೆಯಲ್ಲಿರಲಿ, ಕೇಳಿದರೆ ದನಿಯಲ್ಲಿರಲಿ. ಓದು ಬಾರದವರು ಸಹಾಯಕ್ಕಾಗಿ ಪಿನ್ನು ಹೇಳಿ ಮೋಸಹೋದರೆ ಅದನ್ನು ನಿರ್ಲಕ್ಷ್ಯದ ಪಟ್ಟಿಗೆ ಸೇರಿಸುವ ಮೊದಲು ಅವರಿಗೆ ಬೇರೆ ದಾರಿ ಇತ್ತೇ ಎಂದು ಕೇಳಲಿ. ಜಮಾಅತ್ತುಗಳು, ಮಹಿಳಾ ಸಂಘಗಳು, ಹತ್ತಿರದ ಗ್ರಂಥಾಲಯಗಳು ವಾರಕ್ಕೊಂದು ಗಂಟೆ ಇಬ್ಬರು ನಂಬಿಕಸ್ಥರನ್ನು ಕೂರಿಸಿ ‘ಮೆಸೇಜು ಓದಿಸಿಕೊಳ್ಳಿ’ ಎಂದು ಕರೆದರೂ ಸಾಕು, ಎಷ್ಟೋ ಮನೆಗಳ ಲೆಕ್ಕ ತಿಳಿಯಾಗುತ್ತದೆ. ಇಬ್ಬರು ಎನ್ನಲು ಕಾರಣವಿದೆ. ಒಬ್ಬರು ಓದಲಿಕ್ಕೆ, ಇನ್ನೊಬ್ಬರು ಸಾಕ್ಷಿಗೆ.

ಎಂಬಾಯೆ ಕೆಟ್ಟವನಾದದ್ದು ಫ್ರೆಂಚ್ ಕಲಿತದ್ದರಿಂದಲ್ಲ. ಕಲಿತದ್ದನ್ನು ಕಲಿಯದವನ ಎದುರು ಬಂಡವಾಳವಾಗಿ ಹೂಡಿದ್ದರಿಂದ. ಓದು ಬಲ್ಲ ನಮ್ಮೆಲ್ಲರ ಜೇಬಿನಲ್ಲೂ ಆ ಬಂಡವಾಳವಿದೆ. ಯಾರೋ ಫೋನು ಚಾಚಿ ‘ನೋಡು ಬೇಟಾ’ ಎಂದಾಗ ನಾವು ಬರೆಯುವ ಕಾತಿಬರೂ ಹೌದು, ಸಾಕ್ಷಿಗಳೂ ಹೌದು.